ಕೊಲೆಗಾರನ ಹೆಸರು ಹೇಳದೆ ಹೊಸ ಪತ್ತೇದಾರಿ ಕಾದಂಬರಿಗೆ ವಿಮರ್ಶೆ ಬರೆಯುವುದು ಹೇಗೆ?

ಹಾಳೆತಿರುವಿ:
ಗೆಳೆಯರೇ, ಒಂದು ತಲೆನೋವು ಹೇಳಿಕೊಳ್ಳಬೇಕು. ಹೊಸದಾಗಿ ಬರುವ ಪತ್ತೇದಾರಿ, ಥ್ರಿಲ್ಲರ್ ಕಾದಂಬರಿಗಳನ್ನು ಓದಿ ಅವುಗಳ ಬಗ್ಗೆ ಬರೆಯುವುದು ನನಗೆ ಇಷ್ಟ. ಆದರೆ ಬರೆಯಲು ಕೂತರೆ ಕೈ ಓಡುವುದಿಲ್ಲ. ಪುಸ್ತಕ ಚೆನ್ನಾಗಿದ್ದರೆ ಅದರ ಸೊಗಸೆಲ್ಲ ಕೊನೆಯ ನಲವತ್ತು ಪುಟಗಳಲ್ಲಿರುತ್ತದೆ. ಕೆಟ್ಟದಾಗಿದ್ದರೂ ಅಷ್ಟೇ, ಲೇಖಕರು ಎಡವಿರುವುದು ಅಲ್ಲೇ. ಅದನ್ನು ಮಾತ್ರ ಬಾಯಿಬಿಟ್ಟು ಹೇಳುವಂತಿಲ್ಲ.

ಹಾಗಾಗಿ ಎಲ್ಲರೂ ಬರೆಯುವುದನ್ನೇ ನಾನೂ ಬರೆಯುತ್ತೇನೆ. ಉಸಿರು ಬಿಗಿಹಿಡಿದು ಓದಿಸಿಕೊಂಡು ಹೋಗುತ್ತದೆ, ಕೆಳಗಿಡಲು ಮನಸ್ಸಾಗುವುದಿಲ್ಲ, ಕೊನೆಯ ತಿರುವು ಭರ್ಜರಿ. ಈ ಮೂರು ಸಾಲನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ಹಳೆಯ ಪುಸ್ತಕವಾದರೆ ಹತ್ತು ಜನ ಓದಿರುತ್ತಾರೆ, ಬಿಚ್ಚಿ ಮಾತಾಡಬಹುದು. ಹೊಸದನ್ನು ಯಾರೂ ಓದಿರುವುದಿಲ್ಲ. ನೀವೆಲ್ಲ ಹೇಗೆ ಬರೆಯುತ್ತೀರಿ? ಏನನ್ನು ನೋಡುತ್ತೀರಿ?

ನಿದ್ದೆಗೇಡಿ:
ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಮೊದಲ ಮೂರನೇ ಒಂದು ಭಾಗದ ಕಥೆ ಹೇಳುತ್ತೇನೆ. ಆಮೇಲೆ ಇಷ್ಟ ಆಯ್ತೋ ಇಲ್ಲವೋ ಅಂತ ಒಂದು ಸಾಲು. ಐದಕ್ಕೆ ಇಷ್ಟು ಅಂತ ಅಂಕ. ಮುಗೀತು. ಓದುವವರಿಗೆ ಬೇಕಾಗಿರುವುದು ಅಷ್ಟೇ.

ಬೆರಳಚ್ಚು:
ನಿದ್ದೆಗೇಡಿ ಅವರೇ, ಮೂರನೇ ಒಂದು ಭಾಗದ ಕಥೆ ಬೆನ್ನುಡಿಯಲ್ಲೇ ಇರುತ್ತದೆ. ಅದಕ್ಕೆ ನೀವೇಕೆ ಬೇಕು?

ಹಾಳೆತಿರುವಿ ಅವರೇ, ನನ್ನ ಮಟ್ಟಿಗೆ ಕೊಲೆ ಕಥೆಯ ವಿಮರ್ಶೆ ಮುಖ್ಯವಾಗಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಲೇಖಕರು ನಮ್ಮ ಜೊತೆ ನ್ಯಾಯವಾಗಿ ಆಡಿದರೇ, ಮೋಸ ಮಾಡಿದರೇ? ಇದನ್ನು ಹೇಳಲು ಕೊಲೆಗಾರನ ಹೆಸರು ಬೇಕಾಗಿಲ್ಲ.

ಇದು ಹಳೆಯ ಜಗಳ. 1928ರಲ್ಲಿ ಅಮೆರಿಕದ ಲೇಖಕ ಎಸ್. ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮ ಬರೆದರು. ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆ ಹಾಕಿದರು. ಅವರು ಪಾದ್ರಿಯೂ ಹೌದು, ಅದಕ್ಕೇ ಬೈಬಲಿನ ಹತ್ತು ಕಟ್ಟಳೆಗಳ ಹಾಗೆ ಹತ್ತು. ದೆವ್ವ ಭೂತ ಬರಬಾರದು, ಒಂದಕ್ಕಿಂತ ಹೆಚ್ಚು ಗುಪ್ತ ದಾರಿ ಇರಬಾರದು, ಯಾರೂ ಕೇಳದ ವಿಷ ಬಳಸಬಾರದು, ಪತ್ತೇದಾರನೇ ಕೊಲೆ ಮಾಡಬಾರದು, ಹೀಗೆ. ವ್ಯಾನ್ ಡೈನ್ ಅಂತೂ ಪ್ರೇಮಕಥೆಯೇ ಬೇಡ ಎಂದರು! ಇವತ್ತು ಇವುಗಳಲ್ಲಿ ಅರ್ಧ ನಗು ತರಿಸುತ್ತವೆ. ಒಳ್ಳೆಯ ಲೇಖಕರು ಅವನ್ನೆಲ್ಲ ಬೇಕಂತಲೇ ಮುರಿದು ತೋರಿಸಿದ್ದಾರೆ. ಆದರೆ ನಾಕ್ಸ್ ಹಾಕಿದ ಮೊದಲ ಕಟ್ಟಳೆಯ ಅರ್ಧ ಭಾಗ ಮಾತ್ರ ಇನ್ನೂ ಗಟ್ಟಿ. ಅಪರಾಧಿ ಕಥೆಯ ಆರಂಭದಲ್ಲೇ ನಮ್ಮ ಕಣ್ಣಿಗೆ ಬಿದ್ದಿರಬೇಕು. ಇನ್ನೂರ ಎಂಬತ್ತನೇ ಪುಟದಲ್ಲಿ ಯಾವನೋ ಹೊಸಬ ಬಂದು ನಾನೇ ಕೊಂದೆ ಅಂದರೆ ಪುಸ್ತಕ ಎಸೆಯಬೇಕು ಅನ್ನಿಸುತ್ತದೆ.

ನಾನು ಮಾಡುವುದು ಹೀಗೆ. ಓದಿ ಮುಗಿಸಿದ ಕೂಡಲೇ ಬರೆಯುವುದಿಲ್ಲ. ಹಿಂದೆ ಹೋಗಿ ಅಪರಾಧಿ ಮೊದಲ ಸಲ ಬರುವ ದೃಶ್ಯವನ್ನು ಮತ್ತೆ ಓದುತ್ತೇನೆ. ಆಮೇಲೆ ಕೊನೆಯಲ್ಲಿ ಪತ್ತೇದಾರ ಪಟ್ಟಿ ಮಾಡುವ ಒಂದೊಂದು ಸುಳಿವೂ ಎಲ್ಲಿತ್ತು ಅಂತ ಹುಡುಕುತ್ತೇನೆ. ಮೂರು ರೀತಿ ಇರುತ್ತದೆ. ಸುಳಿವು ಎದುರಿಗೇ ಇತ್ತು, ನಾವೇ ಗಮನಿಸಲಿಲ್ಲ. ಇದು ಬಂಗಾರ. ಸುಳಿವು ಇತ್ತು, ಆದರೆ ನಮಗೆ ಬೇರೆ ಅರ್ಥ ಬರುವ ಹಾಗೆ ಲೇಖಕರು ಹೇಳಿದ್ದರು. ಇದೂ ಒಪ್ಪಿಗೆ. ಸುಳಿವು ಇರಲೇ ಇಲ್ಲ, ಪತ್ತೇದಾರ ಜೇಬಿಗೆ ಏನನ್ನೋ ಹಾಕಿಕೊಂಡ ಅಂತ ಮಾತ್ರ ಹೇಳಿ ಅಧ್ಯಾಯ ಮುಗಿಸಿದ್ದರು. ಇದು ಮೋಸ. ಹೊಸ ಪುಸ್ತಕಗಳಲ್ಲಿ ಈ ಮೂರನೆಯದು ಜಾಸ್ತಿ ಆಗಿದೆ. ಅಧ್ಯಾಯದ ಕೊನೆಗೆ ಫೋನ್ ಬರುತ್ತದೆ, ಅಧಿಕಾರಿಯ ಮುಖ ಬಿಳಿಚುತ್ತದೆ, ಆ ಕಡೆಯವರು ಏನೆಂದರು ಅಂತ ಮಾತ್ರ ನಮಗೆ ಹೇಳುವುದಿಲ್ಲ.

ಇವುಗಳಲ್ಲಿ ಯಾವುದು ಅಂತ ಬರೆದರೆ ಸಾಕು. ‘ಸುಳಿವುಗಳು ಮೊದಲ ಅರ್ಧದಲ್ಲೇ ಇವೆ, ತಿರುಗಿ ನೋಡಿದೆ’ ಅನ್ನುವ ಸಾಲಿಗೆ ‘ಭರ್ಜರಿ ತಿರುವು’ ಅನ್ನುವುದಕ್ಕಿಂತ ಹತ್ತು ಪಟ್ಟು ತೂಕವಿದೆ.

ಕೊನೆಪುಟ ಮೊದಲು:
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ನಾನು ಕೊನೆಯ ಪುಟ ಓದಿ ಆಮೇಲೆ ಶುರು ಮಾಡುವವಳು. ಬೈಯಬೇಡಿ. ಕೊಲೆ ಮಾಡಿದ್ದು ಯಾರು ಅಂತ ಗೊತ್ತಿದ್ದರೆ ಲೇಖಕರು ಅದನ್ನು ಹೇಗೆ ಮುಚ್ಚಿಡುತ್ತಿದ್ದಾರೆ ಅಂತ ನೋಡುವ ಮಜಾ ಸಿಗುತ್ತದೆ. ಇದಕ್ಕೆ ಆಧಾರವೂ ಇದೆ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಹನ್ನೆರಡು ಸಣ್ಣಕಥೆಗಳನ್ನು ಜನರಿಗೆ ಓದಿಸಿ ನೋಡಿದ್ದರು. ಪತ್ತೇದಾರಿ ಕಥೆಗಳೂ ಇದ್ದವು. ಕೊನೆ ಮೊದಲೇ ಗೊತ್ತಾದವರಿಗೆ ಕಥೆ ಇನ್ನೂ ಹೆಚ್ಚು ಇಷ್ಟವಾಗಿತ್ತು. ಸ್ಪಾಯ್ಲರ್‌ಗೆ, ಅಂದರೆ ಗುಟ್ಟು ಮೊದಲೇ ಒಡೆಯುವ ಮಾತಿಗೆ, ಇಷ್ಟೊಂದು ಹೆದರುವುದೇಕೆ?

ಎರಡನೇಸಾಕ್ಷಿ:
ಮೇಡಂ, ಆ ಅಧ್ಯಯನ ನಿಜ. ಆದರೆ 2015ರಲ್ಲಿ ಬೇರೆ ಸಂಶೋಧಕರು ಅಂಥದ್ದೇ ಪರೀಕ್ಷೆ ಮಾಡಿದಾಗ ಉಲ್ಟಾ ಬಂತು. ಕೊನೆ ಗೊತ್ತಿಲ್ಲದವರೇ ಹೆಚ್ಚು ಖುಷಿಪಟ್ಟರು. ಅದೂ ಅಲ್ಲದೆ ಎಲ್ಲಾ ಸಣ್ಣಕಥೆಗಳು. ಅರ್ಧ ಗಂಟೆಯಲ್ಲಿ ಮುಗಿಯುವ ಕಥೆಗೂ ವಾರವಿಡೀ ತಲೆಯಲ್ಲಿ ಸುತ್ತುವ ಮುನ್ನೂರು ಪುಟದ ಕಾದಂಬರಿಗೂ ವ್ಯತ್ಯಾಸ ಇಲ್ಲವೇ?

ನನ್ನ ವಾದ ಅದಲ್ಲ. ನೀವು ಕೊನೆಪುಟ ಮೊದಲು ಓದುವುದು ನಿಮ್ಮ ಆಯ್ಕೆ. ಯಾರು ಬೇಕಾದರೂ ಹಾಗೆ ಮಾಡಬಹುದು, ಪುಸ್ತಕ ಕೈಯಲ್ಲೇ ಇರುತ್ತದೆ. ಆದರೆ ಒಂದು ಸಲ ಗೊತ್ತಾದದ್ದನ್ನು ಮರೆತು ಓದಲು ಯಾರಿಂದಲೂ ಆಗುವುದಿಲ್ಲ. ಎರಡನೇ ಓದು ಎಷ್ಟು ಸಲ ಬೇಕಾದರೂ ಸಿಗುತ್ತದೆ, ಮೊದಲನೆಯದು ಒಂದೇ ಸಲ. ಅದನ್ನು ಕಿತ್ತುಕೊಳ್ಳುವ ಹಕ್ಕು ವಿಮರ್ಶಕರಿಗಿಲ್ಲ.

ಲಂಡನ್ನಿನಲ್ಲಿ 1952ರಿಂದ ಆಡುತ್ತಿರುವ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕವಿದೆಯಲ್ಲ, ಅದು ಮುಗಿದ ಮೇಲೆ ಗುಟ್ಟು ಹೊರಗೆ ಬಿಡಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುವ ರೂಢಿ ಇದೆ. ಇವತ್ತು ಹುಡುಕಿದರೆ ಯಾರಿಗಾದರೂ ಉತ್ತರ ಸಿಗುತ್ತದೆ. ಆದರೂ ನೋಡಿ ಬಂದವರು ಸುಮ್ನೆ ಎದುರಿಗಿದ್ದವರಿಗೆ ಹೇಳುವುದಿಲ್ಲ.

ಕೊನೆಪುಟ ಮೊದಲು:
ಒಪ್ಪಿದೆ. ನನ್ನ ಚಟ ನನಗಿರಲಿ.

ಹಾಳೆತಿರುವಿ:
ಹಾಗಾದರೆ ಒಂದು ಅನುಮಾನ. ‘ತಿರುವು ಇದೆ’ ಅಂತ ಹೇಳುವುದೂ ಸ್ಪಾಯ್ಲರ್ ಅಲ್ಲವೇ? ತಿರುವು ಇದೆ ಅಂತ ಗೊತ್ತಾದರೆ ನಾನು ಎಲ್ಲರಿಗಿಂತ ಸಾಧು ಯಾರೋ ಅವರ ಮೇಲೇ ಕಣ್ಣಿಡುತ್ತೇನೆ.

ಬೆರಳಚ್ಚು:
ಖಂಡಿತ ಸ್ಪಾಯ್ಲರ್. ‘ಯಾರೂ ಊಹಿಸಲಾರರು’ ಅಂದರೆ ‘ಎಲ್ಲರಿಗಿಂತ ಕಡಿಮೆ ಅನುಮಾನ ಬರುವವರನ್ನು ಹಿಡಿಯಿರಿ’ ಅಂತ ಹೇಳಿದ ಹಾಗೆ. ಹಾಗೆಯೇ ‘ನಿರೂಪಕರನ್ನು ನಂಬಬೇಡಿ’ ಅನ್ನುವುದು. ಬುದ್ಧಿವಂತ ವಿಮರ್ಶೆಯಂತೆ ಕಾಣುತ್ತದೆ, ಇಡೀ ಪುಸ್ತಕವನ್ನೇ ಮಾರಿಬಿಟ್ಟಿರುತ್ತದೆ. 2012ರಲ್ಲಿ ಅಮೆರಿಕದ ಗಿಲಿಯನ್ ಫ್ಲಿನ್ ಅವರ ಅಂಥದ್ದೇ ಕಾದಂಬರಿ ಗೆದ್ದ ಮೇಲೆ ಅದರ ಹೆಸರು ಹೇಳಿ ‘ಅದರಂತೆಯೇ ಇದೆ’ ಅಂತ ಹೊಸ ಪುಸ್ತಕಗಳ ಮುಖಪುಟದಲ್ಲೇ ಅಚ್ಚು ಹಾಕುವುದು ಶುರುವಾಯಿತು. ಅದನ್ನು ಓದಿದವರಿಗೆ ಅಲ್ಲಿಗೇ ಅರ್ಧ ಗುಟ್ಟು ರಟ್ಟು.

ಎರಡನೇಸಾಕ್ಷಿ:
ಬೆನ್ನುಡಿಯ ಬಗ್ಗೆ ನನಗೂ ಸಿಟ್ಟಿದೆ. ನೂರೈವತ್ತನೇ ಪುಟದಲ್ಲಿ ಬರುವ ಎರಡನೇ ಕೊಲೆಯನ್ನು ಬೆನ್ನುಡಿಯಲ್ಲೇ ಹಾಕಿರುತ್ತಾರೆ. ಅಲ್ಲಿಯವರೆಗೆ ಆ ಪಾತ್ರ ಯಾವಾಗ ಸಾಯುತ್ತೋ ಅಂತ ಕಾಯುವುದೇ ಕೆಲಸ. ಬೆನ್ನುಡಿಯಲ್ಲಿ ಇದೆ ಅಂತ ವಿಮರ್ಶೆಯಲ್ಲೂ ಹೇಳಬೇಕಾಗಿಲ್ಲ.

ನಿದ್ದೆಗೇಡಿ:
ಅದನ್ನೂ ಹೇಳಬೇಡಿ, ಇದನ್ನೂ ಹೇಳಬೇಡಿ. ಹಾಗಾದರೆ ಪುಸ್ತಕದ ಬಣ್ಣ ಹೇಳೋಣವೇ?

ಬಿಳಿಕೋಟು:
ನಾನೊಂದು ವಿಷಯ ಸೇರಿಸುತ್ತೇನೆ. ಯಾವ ಗುಟ್ಟೂ ಒಡೆಯದೆ ಧಾರಾಳವಾಗಿ ಹೇಳಬಹುದಾದದ್ದು ಅಂದರೆ ಕಥೆಯ ಒಳಗಿನ ಕಸುಬು. ಹೆಣ, ವಿಷ, ರಕ್ತ, ತನಿಖೆ ಇವು ಸರಿ ಇವೆಯೇ ಅನ್ನುವುದು. ನನ್ನ ಕೆಲಸ ಇದಕ್ಕೆ ಹತ್ತಿರದ್ದು, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಬಹಳ ಸಲ ಕಾಣುವುದು ಸಾವಿನ ಸಮಯ. ವೈದ್ಯರು ಹೆಣ ಮುಟ್ಟಿ ನೋಡಿ ‘ರಾತ್ರಿ 9.40ಕ್ಕೆ ಸತ್ತಿದ್ದಾನೆ’ ಅನ್ನುತ್ತಾರೆ. ಹಾಗೆ ಯಾರಿಂದಲೂ ಹೇಳಲಾಗುವುದಿಲ್ಲ. ಸತ್ತ ಮೇಲೆ ಮೈ ಸೆಟೆಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯಲ್ಲಿ ದವಡೆ, ಕತ್ತಿನ ಕಡೆ ಗೊತ್ತಾಗುತ್ತದೆ. ಪೂರ್ತಿ ಮೈ ಸೆಟೆಯಲು ಸುಮಾರು ಹನ್ನೆರಡು ಗಂಟೆ ಬೇಕು. ಆಮೇಲೆ ಒಂದು ದಿನ ದಾಟಿದ ಮೇಲೆ ಮತ್ತೆ ಸಡಿಲವಾಗುತ್ತಾ ಹೋಗುತ್ತದೆ. ಸೆಕೆಯಿದ್ದರೆ ಎಲ್ಲವೂ ಬೇಗ, ಚಳಿಯಿದ್ದರೆ ನಿಧಾನ. ಮೈ ತಣ್ಣಗಾಗುವ ಲೆಕ್ಕವೂ ಹಾಗೆಯೇ, ಹೊದಿಕೆ, ಗಾಳಿ, ಸತ್ತವರ ಮೈಕಟ್ಟು ಎಲ್ಲದರ ಮೇಲೆ ನಿಲ್ಲುತ್ತದೆ. ಆದ್ದರಿಂದ ಕೊಡಬಹುದಾದದ್ದು ಕೆಲವು ಗಂಟೆಗಳ ಅಂದಾಜು ಮಾತ್ರ.

ಇನ್ನು ಕ್ಲೋರೋಫಾರ್ಮ್. ಕರವಸ್ತ್ರ ಮೂಗಿಗೆ ಹಿಡಿದ ಮೂರು ಸೆಕೆಂಡಿಗೆ ಮನುಷ್ಯ ಬೀಳುವುದಿಲ್ಲ. ನಿಮಿಷಗಟ್ಟಲೆ ಹಿಡಿದಿರಬೇಕು, ಅಷ್ಟರಲ್ಲಿ ಅವನು ಒದ್ದಾಡುತ್ತಾನೆ. ಸಯನೈಡಿನ ಬಾದಾಮಿ ವಾಸನೆ ಎಲ್ಲರ ಮೂಗಿಗೂ ಹತ್ತುವುದಿಲ್ಲ, ಅದು ಹುಟ್ಟಿನಿಂದ ಬರುವ ಗುಣ. ಪಿಸ್ತೂಲಿಗೆ ಸೈಲೆನ್ಸರ್ ಹಾಕಿದರೆ ಸದ್ದು ಕಡಿಮೆಯಾಗುತ್ತದೆ, ಆದರೆ ಪಕ್ಕದ ಕೋಣೆಯವರು ಎಚ್ಚರವಾಗದಷ್ಟಲ್ಲ. ಮೊಬೈಲ್ ಟವರ್ ದಾಖಲೆ ನೋಡಿದರೆ ಫೋನ್ ಯಾವ ಪ್ರದೇಶದಲ್ಲಿತ್ತು ಅಂತ ಗೊತ್ತಾಗುತ್ತದೆ, ಯಾವ ಕುರ್ಚಿಯ ಮೇಲಿತ್ತು ಅಂತಲ್ಲ. ಡಿಎನ್‌ಎ ಬಳಸಿ ಕೊಲೆಗಾರನನ್ನು ಹಿಡಿದದ್ದೇ 1980ರ ದಶಕದ ಕೊನೆಯ ಹೊತ್ತಿಗೆ, ಇಂಗ್ಲೆಂಡಿನಲ್ಲಿ. 1975ರಲ್ಲಿ ನಡೆಯುವ ಕಥೆಯಲ್ಲಿ ಅಧಿಕಾರಿ ಕೂದಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದರೆ ಅಲ್ಲಿಗೇ ಪುಸ್ತಕ ಮುಚ್ಚಬೇಕು.

ಹಾಗಂತ ತಪ್ಪುಗಳ ಪಟ್ಟಿಯನ್ನೇ ವಿಮರ್ಶೆ ಅನ್ನಬೇಡಿ. ನಾನು ಒಂದನ್ನೇ ಕೇಳಿಕೊಳ್ಳುತ್ತೇನೆ. ಆ ತಪ್ಪನ್ನು ತೆಗೆದರೂ ಕಥೆ ನಡೆಯುತ್ತದೆಯೇ, ಕುಸಿಯುತ್ತದೆಯೇ? ಕ್ಲೋರೋಫಾರ್ಮ್ ಬದಲು ನಿದ್ದೆ ಮಾತ್ರೆ ಹಾಕಿದರೂ ಕಥೆ ನಡೆಯುತ್ತದೆ ಅಂದರೆ ಒಂದು ಮಾತು ಹೇಳಿ ಬಿಟ್ಟುಬಿಡಿ. 9.40ಕ್ಕೆ ಬೇರೆಲ್ಲೋ ಇದ್ದ ಅಂತಲೇ ಶಂಕಿತನೊಬ್ಬ ಪಾರಾಗುವುದಾದರೆ ಅದು ಅಡಿಪಾಯದ ಬಿರುಕು. ಅದನ್ನು ಬರೆಯಲೇಬೇಕು. ‘ಸಾವಿನ ಸಮಯದ ಲೆಕ್ಕ ನಂಬುವಂತಿಲ್ಲ, ಕಥೆ ಅದರ ಮೇಲೇ ನಿಂತಿದೆ’ ಅಂದರೆ ಯಾರ ಗುಟ್ಟೂ ಹೋಗುವುದಿಲ್ಲ.

ಹಾಳೆತಿರುವಿ:
ಇದು ಬಹಳ ಉಪಯೋಗದ ಮಾತು. ತಪ್ಪು ಕಂಡಾಗಲೆಲ್ಲ ಬರೆಯಬೇಕೋ ಬೇಡವೋ ಅನ್ನುವ ಗೊಂದಲ ತೀರಿತು.

ಎರಡನೇಸಾಕ್ಷಿ:
ಬೆರಳಚ್ಚು ಅವರ ಮಾತಿಗೆ ಒಂದು ತಕರಾರು. ಎಲ್ಲಾ ಅಪರಾಧ ಕಥೆಯೂ ‘ಕೊಂದವರು ಯಾರು’ ಅನ್ನುವ ಆಟ ಅಲ್ಲ. 1912ರಲ್ಲೇ ಆಸ್ಟಿನ್ ಫ್ರೀಮನ್ ಕೊಲೆ ಮೊದಲು ತೋರಿಸಿ, ಕೊಲೆಗಾರನನ್ನೂ ತೋರಿಸಿ, ಆಮೇಲೆ ಪತ್ತೆ ಹೇಗಾಯಿತು ಅಂತ ಹೇಳುವ ಕಥೆ ಬರೆದಿದ್ದರು. ಜಪಾನಿನ ಕೀಗೊ ಹಿಗಾಶಿನೊ ಅವರಿಗೆ ನವೊಕಿ ಪ್ರಶಸ್ತಿ ತಂದ 2005ರ ಕಾದಂಬರಿಯಲ್ಲೂ ಕೊಂದವರು ಯಾರು ಅಂತ ಆರಂಭದಲ್ಲೇ ಗೊತ್ತು. ಇಂಥ ಪುಸ್ತಕ ಹಿಡಿದು ಸುಳಿವು ಎಲ್ಲಿತ್ತು ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಸ್ವೀಡನ್ನಿನ ಶೋವಾಲ್ ಮತ್ತು ವಾಲೂ ಜೋಡಿ 1965ರಿಂದ 1975ರವರೆಗೆ ಹತ್ತು ಕಾದಂಬರಿ ಬರೆದರು. ಅಲ್ಲಿ ಪೊಲೀಸರು ವಾರಗಟ್ಟಲೆ ಕಾಯುತ್ತಾರೆ, ಶೀತ ಹಿಡಿದು ಮಲಗುತ್ತಾರೆ, ಮೇಲಧಿಕಾರಿಗಳಿಗೆ ಬೈಯುತ್ತಾರೆ. ತನಿಖೆಯ ನೆಪದಲ್ಲಿ ಇಡೀ ಸಮಾಜವನ್ನೇ ವಿಚಾರಣೆಗೆ ನಿಲ್ಲಿಸುವ ಪುಸ್ತಕಗಳು ಅವು.

ಆದ್ದರಿಂದ ವಿಮರ್ಶೆಯ ಮೊದಲ ಕೆಲಸ ಇದು ಯಾವ ಜಾತಿಯ ಪುಸ್ತಕ ಅಂತ ಹೇಳುವುದು. ಒಗಟೋ, ಓಟವೋ, ಪೊಲೀಸ್ ಕೆಲಸದ ಕಥೆಯೋ, ಅಪರಾಧಿಯ ತಲೆಯೊಳಗಿನ ಕಥೆಯೋ? ಪ್ರಕಾಶಕರು ಎಲ್ಲದಕ್ಕೂ ‘ರೋಚಕ ಥ್ರಿಲ್ಲರ್’ ಅಂತ ಚೀಟಿ ಅಂಟಿಸಿಬಿಡುತ್ತಾರೆ. ಅದನ್ನು ನಂಬಿ ತಂದವರು ‘ತುಂಬಾ ನಿಧಾನ, ಐದಕ್ಕೆ ಎರಡು’ ಅಂತ ಬರೆಯುತ್ತಾರೆ. ಲೇಖಕರು ನಿಧಾನವಾಗಿಯೇ ಬರೆಯಬೇಕು ಅಂತ ಕೂತಿದ್ದರು! ಹಾವಾಡಿಗನ ಬುಟ್ಟಿಯಲ್ಲಿ ಮೊಲ ಹುಡುಕಿದ ಹಾಗಾಯಿತು.

ಬೆರಳಚ್ಚು:
ಸರಿಯಾದ ತಕರಾರು. ಆದರೂ ನ್ಯಾಯದ ಪ್ರಶ್ನೆ ಅಲ್ಲೂ ಇರುತ್ತದೆ. ಕೊಲೆಗಾರ ಯಾರು ಅಂತ ಮೊದಲೇ ಹೇಳಿದ ಪುಸ್ತಕವೂ ಬೇರೆ ಏನನ್ನೋ ಮುಚ್ಚಿಟ್ಟಿರುತ್ತದೆ. ಅದನ್ನು ಬಿಚ್ಚುವಾಗ ‘ಛೇ, ಇದು ಕಣ್ಣೆದುರಿಗೇ ಇತ್ತಲ್ಲ’ ಅನ್ನಿಸಬೇಕು.

ಕೊನೆಪುಟ ಮೊದಲು:
ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಸತ್ತವರ ಕಥೆ ಏನು?

ಕೊನೆ ಗೊತ್ತಿದ್ದು ಓದುವ ನನಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಎಷ್ಟೋ ಹೊಸ ಕಾದಂಬರಿಗಳಲ್ಲಿ ಸತ್ತವಳು ಬರೀ ಒಂದು ಹೆಣ. ಮೊದಲ ಪುಟದಲ್ಲಿ ಅವಳ ಬಟ್ಟೆ, ಗಾಯ, ಬಿದ್ದಿರುವ ಭಂಗಿ ಎಲ್ಲಾ ವಿವರವಾಗಿ ಇರುತ್ತದೆ. ಅವಳಿಗೆ ಏನು ಇಷ್ಟವಿತ್ತು, ಯಾರ ಜೊತೆ ಜಗಳವಾಡುತ್ತಿದ್ದಳು, ಅವಳಿಲ್ಲದೆ ಯಾರ ದಿನ ನಿಂತುಹೋಯಿತು ಅನ್ನುವುದು ಮುನ್ನೂರು ಪುಟದಲ್ಲೂ ಬರುವುದಿಲ್ಲ. ತನಿಖಾಧಿಕಾರಿಯ ವಿಚ್ಛೇದನ, ಕುಡಿತ, ನಿದ್ದೆ ಬಾರದ ರಾತ್ರಿಗಳಿಗೆ ಮಾತ್ರ ಎಪ್ಪತ್ತು ಪುಟ. ನಾನು ವಿಮರ್ಶೆ ಬರೆದರೆ ಇದನ್ನು ಮೊದಲು ಹೇಳುತ್ತೇನೆ. ಇದರಲ್ಲಿ ಒಂದು ಗುಟ್ಟೂ ಒಡೆಯುವುದಿಲ್ಲ ನೋಡಿ.

ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ 1944ರ ತಮ್ಮ ಪ್ರಬಂಧದಲ್ಲಿ ಒಗಟಿನ ಕಥೆಗಳನ್ನು ಚೆನ್ನಾಗಿ ತರಾಟೆಗೆ ತಗೊಂಡಿದ್ದರು. ನಿಜವಾದ ಕೊಲೆಗೆ ನಿಜವಾದ ಕಾರಣ ಇರುತ್ತದೆ, ಒಗಟಿಗೆ ಹೆಣ ಒದಗಿಸಲಿ ಅಂತ ಯಾರೂ ಕೊಲ್ಲುವುದಿಲ್ಲ ಅನ್ನುವುದು ಅವರ ವಾದದ ತಿರುಳು. ಮರುವರ್ಷ ಎಡ್ಮಂಡ್ ವಿಲ್ಸನ್ ಎಂಬ ವಿಮರ್ಶಕರು ಪತ್ರಿಕೆಯೊಂದರಲ್ಲಿ ಕೊಂದವರು ಯಾರಾದರೆ ಯಾರಿಗೇನು ಅಂತಲೇ ಕೇಳಿಬಿಟ್ಟರು. ವಿಲ್ಸನ್ ಅವರದ್ದು ಸ್ವಲ್ಪ ಅತಿಯಾಯಿತು, ಅದು ಈ ಬಗೆಯ ಪುಸ್ತಕವೇ ಬೇಡ ಅನ್ನುವವರ ಮಾತು. ಚಾಂಡ್ಲರ್ ಕೇಳಿದ್ದನ್ನು ಮಾತ್ರ ಪ್ರತಿ ಹೊಸ ಪುಸ್ತಕಕ್ಕೂ ಕೇಳಬಹುದು.

ನಿದ್ದೆಗೇಡಿ:
ಸರಿ, ನೀವೆಲ್ಲ ಇಷ್ಟು ಹೇಳಿದಿರಿ. ಸುಮ್ನೆ ಕಟ್ಟಿದ ಒಂದು ಕಾದಂಬರಿಗೆ ನಾನು ಸಾಮಾನ್ಯವಾಗಿ ಬರೆಯುವಂಥ ವಿಮರ್ಶೆ ಹಾಕುತ್ತೇನೆ. ಹರಿದು ಹಾಕಿ.

‘ಬೆಟ್ಟದ ಮೇಲೊಂದು ಒಂಟಿ ಮನೆ. ಮಳೆಗೆ ದಾರಿ ಮುಚ್ಚಿದೆ. ಒಳಗೆ ಏಳು ಜನ. ಬೆಳಗಾದರೆ ಮನೆಯೊಡತಿ ಕೊಲೆಯಾಗಿದ್ದಾಳೆ. ಎಲ್ಲರಿಗೂ ಒಂದೊಂದು ಕಾರಣ ಇದೆ. ತನಿಖಾಧಿಕಾರಿಯ ಪಾತ್ರ ಅದ್ಭುತ. ಪಾಪ ಅನ್ನಿಸಿದ ಪಾತ್ರವೊಂದು ಕೊನೆಗೆ ಬೆಚ್ಚಿ ಬೀಳಿಸುತ್ತದೆ. ಯಾರೂ ಊಹಿಸಲಾಗದ ಅಂತ್ಯ. ಐದಕ್ಕೆ ನಾಲ್ಕು.’

ಬೆರಳಚ್ಚು:
ಏಳು ಜನರಲ್ಲಿ ಪಾಪ ಅನ್ನಿಸುವವರು ಎಷ್ಟಿರುತ್ತಾರೆ? ಇಬ್ಬರು. ಹೆಸರೇ ಹೇಳಿಬಿಟ್ಟಿರಿ.

ಎರಡನೇಸಾಕ್ಷಿ:
‘ಅದ್ಭುತ’ ಅಂದರೆ ಏನು? ಅಧಿಕಾರಿ ಯೋಚಿಸಿ ಬಿಡಿಸುತ್ತಾರೋ, ಅದೃಷ್ಟಕ್ಕೆ ಸಿಗುತ್ತದೋ, ಕೊಲೆಗಾರನೇ ಕೊನೆಗೆ ನಿಂತು ಉದ್ದಕ್ಕೆ ಎಲ್ಲಾ ಒಪ್ಪಿಕೊಳ್ಳುತ್ತಾನೋ? ಈ ಕೊನೆಯದು ಹೊಸ ಲೇಖಕರ ದೊಡ್ಡ ಕಾಯಿಲೆ. ಸಾಕ್ಷಿ ಒಂದೂ ಇರುವುದಿಲ್ಲ. ಅಧಿಕಾರಿ ದಬಾಯಿಸುತ್ತಾರೆ, ಅವನು ಅಳುತ್ತಾ ಹತ್ತು ಪುಟ ಹೇಳುತ್ತಾನೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮನೆಗೆ ಹೋಗುತ್ತಿದ್ದ!

ಬಿಳಿಕೋಟು:
ಹೇಗೆ ಕೊಂದರು ಅಂತಲೂ ಇಲ್ಲ. ರಕ್ತ, ಹಿಂಸೆ ಎಷ್ಟಿದೆ ಅಂತ ಒಂದು ಮಾತು ಬೇಕು. ಕೆಲವರು ಅದನ್ನು ಓದಲಾರರು. ಮಕ್ಕಳ ಮೇಲಿನ ಹಿಂಸೆ ಇದ್ದರೆ ಗುಟ್ಟು ಸ್ವಲ್ಪ ಸೋರಿದರೂ ಪರವಾಗಿಲ್ಲ, ಹೇಳಬೇಕು.

ನಿದ್ದೆಗೇಡಿ:
ಸರಿ, ಅದೇ ಪುಸ್ತಕ, ಎರಡನೇ ಸಲ.

‘ದಾರಿ ಮುಚ್ಚಿದ ಮನೆ, ಏಳು ಜನ, ಒಂದು ಹೆಣ. ಹಳೆಯ ಚೌಕಟ್ಟಿನ ಒಗಟು. ಲೇಖಕರು ಹೊಸದಾಗಿ ಮಾಡಿರುವುದು ಒಂದೇ ರಾತ್ರಿಯನ್ನು ನಾಲ್ವರ ಬಾಯಲ್ಲಿ ಹೇಳಿಸಿರುವುದು. ಯಾರ ಮಾತೂ ಇನ್ನೊಬ್ಬರದಕ್ಕೆ ಪೂರ್ತಿ ಹೊಂದುವುದಿಲ್ಲ, ಆ ಬಿರುಕುಗಳಲ್ಲೇ ಮಜಾ ಇದೆ. ನೂರನೇ ಪುಟದವರೆಗೆ ಬಿಗಿ. ಆಮೇಲೆ ವಿಚಾರಣೆಗಳು ಒಂದೇ ತರ ಆಗಿ ಬೇಸರ ತರುತ್ತವೆ. ಸತ್ತ ಹೆಂಗಸು ಬದುಕಿದ್ದಾಗ ಜಿಪುಣಿ, ಮಾತಿನ ಮಲ್ಲಿ, ಹಾಡು ಹೇಳಿಕೊಳ್ಳುತ್ತಿದ್ದವಳು. ಅವಳನ್ನು ಕೊನೆಯವರೆಗೂ ಮರೆಯಲು ಬಿಡುವುದಿಲ್ಲ. ಸುಳಿವುಗಳನ್ನು ಮುಚ್ಚಿಟ್ಟಿಲ್ಲ, ತಿರುಗಿ ನೋಡಿದೆ. ಆದರೆ ಗಂಟು ಬಿಚ್ಚುವುದು ತನಿಖೆಯಿಂದಲ್ಲ, ಒಬ್ಬರು ಬಾಯಿ ಬಿಡುವುದರಿಂದ. ಹಿಂಸೆಯ ವಿವರ ಕಡಿಮೆ.’

ಅಂಕ ಕೊಟ್ಟಿಲ್ಲ. ಕೊಡಬೇಕು ಅನ್ನಿಸಲಿಲ್ಲ.

ಹಾಳೆತಿರುವಿ:
ಇದು ಬೇರೆಯೇ ವಿಮರ್ಶೆ! ಆದರೆ ‘ಒಬ್ಬರು ಬಾಯಿ ಬಿಡುವುದರಿಂದ’ ಅನ್ನುವುದು ಜಾಸ್ತಿ ಹೇಳಿದಂತೆ ಆಗಲಿಲ್ಲವೇ?

ಎರಡನೇಸಾಕ್ಷಿ:
ಆಗಲಿಲ್ಲ. ಯಾರು ಬಾಯಿ ಬಿಟ್ಟರು ಅಂತ ಹೇಳಿಲ್ಲವಲ್ಲ. ಒಗಟು ಬಿಡಿಸುವ ಆಸೆಗೆ ದುಡ್ಡು ಕೊಡುವವರಿಗೆ ಇದು ಮುಖ್ಯವಾದ ದೂರು. ಅದನ್ನು ಮುಚ್ಚಿಟ್ಟರೆ ವಿಮರ್ಶಕರು ಪ್ರಕಾಶಕರ ಕಡೆ ಸೇರಿದಂತೆ.

ಬೆರಳಚ್ಚು:
ನಾನಾದರೆ ಆ ಸಾಲು ತೆಗೆಯುತ್ತಿದ್ದೆ. ‘ಬಿಡಿಸುವ ರೀತಿ ಸಮಾಧಾನ ಕೊಡಲಿಲ್ಲ’ ಅಂದರೆ ಸಾಕು.

ಎರಡನೇಸಾಕ್ಷಿ:
ಸಮಾಧಾನ ಏಕೆ ಆಗಲಿಲ್ಲ ಅಂತ ಹೇಳದಿದ್ದರೆ ಮತ್ತೆ ‘ಭರ್ಜರಿ ತಿರುವು’ ಅಂದವರ ಸಾಲಿಗೇ ಬಂದು ನಿಂತೆವು.

ಕೊನೆಪುಟ ಮೊದಲು:
ನೀವಿಬ್ಬರೂ ಜಗಳ ಮುಂದುವರಿಸಿ. ನಿದ್ದೆಗೇಡಿ ಅವರೇ, ಕಟ್ಟಿದ ಕಾದಂಬರಿ ಅಂದಿರಿ, ಆದರೂ ಕೊಂದವರು ಯಾರು ಅಂತ ನಿಮ್ಮ ತಲೆಯಲ್ಲಿ ಇದ್ದೇ ಇರುತ್ತದೆ. ನನಗೊಬ್ಬಳಿಗೆ ಹೇಳಿ.

ಹಾಳೆತಿರುವಿ:
ಹೋಗುವ ಮೊದಲು ಇನ್ನೊಂದು ಪ್ರಶ್ನೆ. ಸರಣಿಯ ಐದನೇ ಪುಸ್ತಕ ಬಂದರೆ ಹೇಗೆ ಬರೆಯುವುದು? ನಾಲ್ಕನೆಯದರಲ್ಲಿ ಸತ್ತ ಪಾತ್ರದ ನೆನಪು ಇಡೀ ಪುಸ್ತಕದಲ್ಲಿದೆ. ಹೇಳಿದರೆ ನಾಲ್ಕನೆಯದನ್ನು ಓದದವರಿಗೆ ಅನ್ಯಾಯ.

ಎರಡನೇಸಾಕ್ಷಿ:
ಇಲ್ಲಿಂದಲೇ ಶುರು ಮಾಡಬಹುದೇ ಅಂತ ಮಾತ್ರ ಹೇಳಿ. ಹಿಂದಿನದನ್ನು ಓದದಿದ್ದರೆ ಅರ್ಥವಾಗುವುದಿಲ್ಲ ಅನ್ನಿಸಿದರೆ ಮೊದಲಿನಿಂದ ಓದಿ ಅನ್ನಿ. ಸತ್ತ ಪಾತ್ರದ ಹೆಸರು ಎತ್ತಬೇಡಿ, ‘ಹಿಂದಿನ ಪುಸ್ತಕದ ಒಂದು ಘಟನೆಯ ಭಾರ ಇದರಲ್ಲಿದೆ’ ಅಂತ ಬರೆದರೆ ಓದಿದವರಿಗೆ ಯಾವುದು ಅಂತ ತಿಳಿಯುತ್ತದೆ. ಬೆನ್ನುಡಿಯಲ್ಲಿ ಹೇಗೂ ಹೆಸರು ಹಾಕಿಯೇ ಇರುತ್ತಾರೆ, ಅದಕ್ಕೆ ನಾವೇನೂ ಮಾಡುವಂತಿಲ್ಲ.